ಗುಡ್ಡ ಕಾಣೂತನಕ ಯಾರೂ ಹೇಳಲಿಲ್ಲ

ನನಗ ಕ್ಯಾನ್ಸರ್ ಐತಿ ಅನ್ನೂದು ನಮ್ಮ ಓಣಿಗೆಲ್ಲಾ ಗೊತ್ತಿತ್ತು, ನನಗೊಬ್ಬಾಕಿಗೆ ಗೊತ್ತಿರಲಿಲ್ಲ. ಮುಂಜಾನೆ ಮೊಸರು ಮಾರಾಕ ಬರೂ ಆಕಿಗೂ ಗೊತ್ತಿತ್ತಂತ. ಆ ವಾರ ಆಕಿ ಒಂದ ಸೌಟು ಹೆಚ್ಚಿಗಿ ಹಾಕಿ ಹೋದಾಗ ನಾ ಏನ ತಿಳಕೊಂಡೆ ಹೇಳ್ರಿ? ಆಕಿ ಜಂಪರ ಚೊಲೊ ಹೊಲದು ಕೊಟ್ಟೇನಿ, ಅದಕ್ಕ ಖುಷಿ ಆಗ್ಯಾಳ ಅಂತ ತಿಳಕೊಂಡೆ. ಈಗ ನೆನಸಿಕೊಂಡ್ರ ಮೊದಲ ನಗು ಬರತೈತಿ, ಆಮ್ಯಾಲ ಮೈ ಉರಿತೈತಿ.

ನನ್ನ ಹೆಸರು ಸಾವಿತ್ರಿ. ಬೈಲಹೊಂಗಲದಾಗ ಇಪ್ಪತ್ತೆರಡು ವರ್ಷದಿಂದ ಹೆಣ್ಣಮಕ್ಕಳ ಜಂಪರ ಹೊಲಿತೇನಿ. ಅಳತಿ ಟೇಪು ಕೊಳ್ಳಾಗ ಇಲ್ಲಂದ್ರ ನನಗ ಏನೋ ಕಳಕೊಂಡಂಗ ಆಗತೈತಿ. ಊರ ಹೆಣ್ಣಮಕ್ಕಳ ಎದಿ ಅಳತಿ ಎಲ್ಲಾ ನನ್ನ ತಲಿಯಾಗ ಅದಾವು, ಯಾರು ಸೊರಗ್ಯಾರ, ಯಾರು ಬಸರ ಅದಾರ ಅನ್ನೂದು ಅವರ ಗಂಡಂದಿರಿಗಿಂತ ಮೊದಲ ನನಗ ಗೊತ್ತಾಗತೈತಿ. ಅಂಥಾಕಿಗೆ ತನ್ನ ಜಂಪರ ಎಡಗಡೆ ಜಗ್ಗಾಕತ್ತಿದ್ದು ತಿಳಿಲಿಲ್ಲ. ದಪ್ಪ ಆಗೇನಿ ಅಂತ ಹೊಲಿಗಿ ಬಿಚ್ಚಿ ಸಡ್ಲ ಮಾಡಿಕೊಂಡೆ. ಒಂದ ದಿನ ಜಳಕ ಮಾಡೂವಾಗ ಕೈಗೆ ಅಡಿಕಿ ಗಾತ್ರದ ಗಂಟು ಹತ್ತಿತು. ನೋವು ಇರಲಿಲ್ಲ. ನೋವಿಲ್ಲಂದ್ರ ಏನೂ ಇಲ್ಲ ಬಿಡು ಅಂತ ಎರಡ ತಿಂಗಳು ಯಾರ ಮುಂದೂ ಬಾಯಿ ಬಿಡಲಿಲ್ಲ. ಇದು ನನ್ನ ತಪ್ಪು, ಇದನ್ನ ಮೊದಲ ಒಪ್ಪಿಕೊಂಡಬಿಡತೇನಿ, ಯಾಕಂದ್ರ ಮುಂದ ನಾ ಭಾಳ ಮಂದಿನ ಬೈಯೂದೈತಿ.

ನಮ್ಮನಿಯವರು ಹತ್ತಿ ಗಿರಣಿಯಾಗ ಕೆಲಸ ಮಾಡತಾರ. ಮಾತು ಕಡಿಮಿ. ಕಡೀಕ ಅವರಿಗೆ ಹೇಳಿದೆ, ಧಾರವಾಡದ ದವಾಖಾನಿಗೆ ಹೋದ್ವಿ, ಸೂಜಿ ಚುಚ್ಚಿ ಪರೀಕ್ಷಾಕ್ಕ ತಗೊಂಡ್ರು. ವಾರ ಬಿಟ್ಟು ಬರ್ರಿ ಅಂದ್ರು.

ವಾರ ಬಿಟ್ಟು ಹೋದ ದಿನ ನಾ ಸಾಯೂತನಕ ಮರಿಯಂಗಿಲ್ಲ. ನನ್ನ ಹೆಸರು ಕೂಗಿದ್ರು. ನಾ ಎದ್ದೆ. ಬಾಗಲದಾಗ ನಿಂತಿದ್ದ ನರ್ಸಬಾಯಿ ಅಂದ್ಲು, "ಅಕ್ಕಾರ, ನೀವು ಕುಂಡ್ರಿ. ಯಜಮಾನ್ರು ಅಷ್ಟ ಒಳಗ ಬರಲಿ." ನಾ ಕುಂತೆ. ಯಾಕಂತ ಕೇಳಲಿಲ್ಲ. ಚೀಲದಾಗ ಹುರದ ಶೇಂಗಾ ಇದ್ದುವು, ತಿನ್ನಕೋತ ಕುಂತೆ. ಎದರಿಗೆ ಒಬ್ಬಾಕಿ ಹಾಕ್ಕೊಂಡಿದ್ದ ಜಂಪರದ ತೋಳು ಸೊಟ್ಟ ಹೊಲದಿದ್ರು, ಅದನ್ನ ನೋಡಿಕೋತ ಮನಸಿನಾಗ ಬಿಚ್ಚಿ ಹೊಲಿಯಾಕತ್ತಿದ್ದೆ. ಬಾಗಲದ ಆ ಕಡೆ ನನ್ನ ಮೈಯ ಮಾತು ನಡದಿತ್ತು, ಈ ಕಡೆ ನಾ ಶೇಂಗಾ ಸಿಪ್ಪಿ ಉಗಳಾಕತ್ತಿದ್ದೆ.

ನಮ್ಮನಿಯವರು ಹೊರಗ ಬಂದ್ರು. ಮುಖ ಬೆವತಿತ್ತು. "ಏನಂದ್ರು?" ಅಂದೆ. "ಕೊಬ್ಬಿನ ಗಂಟಂತ. ಭಾರತ ಹುಣ್ಣಿಮಿ ಜಾತ್ರಿ ಆದಮ್ಯಾಲ ತಗಸಿದ್ರ ಆತು," ಅಂದ್ರು. ರಿಪೋರ್ಟ್ ಕೇಳಿದೆ. "ಇಂಗ್ಲೀಷ್‌ನಾಗ ಐತಿ, ನಿನಗೇನ ತಿಳಿತೈತಿ?" ಅಂದು ಅಂಗಿ ಒಳಗ ಇಟ್ಟುಕೊಂಡ್ರು. ನಾ ಕನ್ನಡ ಸಾಲಿಯಾಗ ಏಳನೇತ್ತ ಕಲತಾಕಿ. ಹೌದಲ್ಲ ಅಂದುಕೊಂಡೆ.

ಆ ದಿನದಿಂದ ಎಣಿಸಿದ್ರ, ಖರೇ ಏನಂತ ನನಗ ತಿಳಿಯೂತನಕ ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನ ಮನಿ ಮಂದಿ ನನ್ನ ಮುಂದ ಏನ ನಾಟಕ ಆಡಿದ್ರಂತೀರಿ! ಸಾಲಹಳ್ಳಿಯಿಂದ ನಮ್ಮಕ್ಕ ಗಂಗಕ್ಕ ಗಂಟುಮೂಟಿ ಕಟಗೊಂಡು ಬಂದ್ಲು. ಬಂದಾಕಿನ ನನ್ನ ಅಪಗೊಂಡು ಅತ್ಲು. "ಯಾಕಬೇ?" ಅಂದ್ರ, "ನಿಮ್ಮ ಮಾವ ಬೈದ್ರು," ಅಂದ್ಲು. ನಾ ಪಾಪ ಆಕಿನ್ನ ಸಮಾಧಾನ ಮಾಡಿ, ಆಕಿ ಗಂಡಗ ಎರಡ ದಿನ ಮನಸಿನಾಗ ಶಾಪ ಹಾಕಿದೆ. ಕಿತ್ತೂರಿಗೆ ಕೊಟ್ಟ ನನ್ನ ಮಗಳು ರೇಖಾ ದಿನಾ ಮೂರ ಸಲ ಫೋನ್ ಮಾಡಾಕತ್ಲು. ಲಗ್ನ ಆಗಿ ಐದ ವರ್ಷ, ಆಕಿಗೆ ಮಕ್ಕಳಾಗಿಲ್ಲ. ಆ ಮಾತು ನಮ್ಮಿಬ್ಬರ ನಡುವ ಎಂದೂ ಬರತಿರಲಿಲ್ಲ. ಈಗ ಆಕಿನ ತಗದ್ಲು. "ಯವ್ವಾ, ನನ್ನ ಹೆಸರಲೆ ಎಲ್ಲಮ್ಮನ ಗುಡ್ಡಕ್ಕ ನಡಕೋತ ಹೋಗಿ ಬಾ. ಗಂಗಕ್ಕ ದೊಡ್ಡವ್ವ ಹರಕಿ ಹೊತ್ತಾಳ," ಅಂದು ಫೋನಿನಾಗ ಬಿಕ್ಕಿದ್ಲು.

ಮಗಳು ಅತ್ತರ ಯಾವ ತಾಯಿ ನಿಲ್ಲತಾಳ? ಬರೇ ಕಾಲಿಲೆ ಹೋಗತೇನಿ ಅಂದೆ. ನಮ್ಮನಿಯವರು, ಸವದತ್ತಿಗೆ ಅಂದ್ರ ಬಸ್ ಬಿಟ್ಟು ಬ್ಯಾರೆ ಮಾತ ಆಡದವರು, "ನಾನೂ ನಡಿತೇನಿ," ಅಂದ್ರು. ಗಂಗಕ್ಕನೂ ಜೋಡಿ ಹೊಂಟ್ಲು.

ನಮ್ಮನ್ನ ಕರಕೊಂಡ ಹೋಗಾಕಿ ಫಕೀರವ್ವ ಆಯಿ. ಎಪ್ಪತ್ತರ ಮ್ಯಾಲಿನ ವಯಸ್ಸು. ಕೊಳ್ಳಾಗ ಮುತ್ತಿನ ಸರ, ತಲಿ ಮ್ಯಾಲ ದೇವಿ ಬುಟ್ಟಿ. ಪ್ರತಿ ವರ್ಷ ಹುಣ್ಣಿಮಿ ಗದ್ದಲ ಆಗೂಕಿಂತ ವಾರ ಮೊದಲ, ಹತ್ತ ಹನ್ನೆರಡ ಮಂದಿನ ಕಟಗೊಂಡು ಹೊಲದ ದಾರಿ ಹಿಡಿತಾಳ. ಡಾಂಬರ ರಸ್ತಾ ಆಕಿಗೆ ಸೇರಂಗಿಲ್ಲ. ಯಾವ ಬದುವಿನ ಮ್ಯಾಲ ನಡೀಬೇಕು, ಯಾವ ಬಾವಿ ನೀರು ಸಿಹಿ, ಯಾರ ಹೊಲದಾಗ ನಾಯಿ ಬಿಟ್ಟಿರತಾರ, ಎಲ್ಲಾ ಆಕಿ ಬಲ್ಲಳು. ಎಷ್ಟ ದೂರ ಐತಿ ಆಯಿ ಅಂತ ಕೇಳಿದ್ರ ಕಿಲೋಮೀಟರ್ ಹೇಳಂಗಿಲ್ಲ. "ಇನ್ನೊಂದ ಎಲಿ ಅಡಿಕಿ ಹೊತ್ತು," ಅಂತಾಳ. ಅಂದ್ರ ಬಾಯಾಗ ಹಾಕ್ಕೊಂಡ ಎಲಿ ಅಡಿಕಿ ಸಪ್ಪಗ ಆಗೂತನಕ ನಡಿ ಅಂತ ಅರ್ಥ. ಸಪ್ಪಗ ಆದ ಮ್ಯಾಲ ಇನ್ನೊಂದ ಕೊಡತಾಳ.

ಆ ಮೊದಲನೇ ದಿನದ ಬಗ್ಗೆ ನನಗ ಬರಿಯಾಕ ಕಷ್ಟ ಆಗತೈತಿ. ಯಾಕಂದ್ರ ಅದು ನನ್ನ ಸಂಸಾರದಾಗಿನ ಎಲ್ಲಾಕ್ಕಿಂತ ಚೊಲೊ ದಿನ. ಬಿಳಿಜೋಳದ ತೆನಿ ತೂಗಾಕತ್ತಿದ್ದುವು. ಒಬ್ಬ ರೈತ ಕರದು ಹಸಿ ತೆನಿ ಸುಟ್ಟು ಬಡದ ಬಿಸಿ ಸೀತನಿ ಕೊಟ್ಟ, ಬೆಲ್ಲದ ಜೋಡಿ ತಿಂದ್ವಿ. ಇಪ್ಪತ್ತೇಳು ವರ್ಷದಾಗ ಒಂದ ಚರಗಿ ನೀರು ತುಂಬಿ ಕೊಡದ ಗಂಡ ನನ್ನ ಚೀಲ ಹೊತ್ತಿದ್ರು. ನನ್ನ ನೀರಿನ ಬಾಟಲಿ ಅವರ ಕೈಯಾಗ. "ಬಿಸಲಾತು, ಸೆರಗ ಹಾಕ್ಕೋ," ಅನ್ನೂದೇನು, "ಕುಂಡರತಿ ಏನ?" ಅನ್ನೂದೇನು! ಕುಸುಬಿ ಹೊಲದ ಬದುವಿನಾಗ ನನ್ನ ಕಾಲಿಗೆ ಮುಳ್ಳ ನಟ್ಟಿತು. ಅವರು ಎಲ್ಲಾರ ಮುಂದ ನೆಲಕ್ಕ ಕುಂತು ನನ್ನ ಪಾದ ತೊಡಿ ಮ್ಯಾಲ ಇಟಗೊಂಡು ಪಿನ್ನಿಲೆ ಮುಳ್ಳ ತಗದ್ರು. ನನಗ ನಾಚಿಗಿ ಆತು. "ಏಳ್ರಿ, ಮಂದಿ ನೋಡಾಕತ್ತಾರ," ಅಂದೆ. "ನೋಡಲಿ ಬಿಡು," ಅಂದ್ರು. ನಾ ಹೊಸದಾಗಿ ಲಗ್ನ ಆದ ಹುಡಿಗ್ಯಂಗ ಮುಖ ಆ ಕಡೆ ತಿರಿವಿದೆ. ಈ ವಯಸ್ಸಿನಾಗ ಗಂಡ ನನ್ನ ಮ್ಯಾಲ ಜೀವ ಇಟ್ಟಾನ ಅಂತ ಒಳಗೊಳಗ ಹಿಗ್ಗಿದೆ. ರಾತ್ರಿ ಗುಡಿ ಕಟ್ಟಿ ಮ್ಯಾಲ ಕಾಲ ಬೊಕ್ಕಿ ಎದ್ರೂ ನಕ್ಕೋತ ಮಲಗಿದಾಕಿ ನಾ ಒಬ್ಬಾಕಿನ ಇರಬೇಕು.

ಮರುದಿನ ಹೊತ್ತು ಏರಿದಮ್ಯಾಲ ಒಂದ ಏರು ಹತ್ತಿದ್ವಿ. ಅಲ್ಲಿಂದ ಮೊದಲ ಸಲ ಗುಡ್ಡ ಕಾಣತೈತಿ. ಫಕೀರವ್ವ ಆಯಿ ಬುಟ್ಟಿ ಇಳಿಸಿದ್ಲು. ಆಕಿ ಕರಕೊಂಡ ಬಂದವರಿಗೆಲ್ಲಾ ಅಲ್ಲಿ ಒಂದ ಪದ್ಧತಿ ಐತಿ. ಒಬ್ಬೊಬ್ಬರಾಗಿ ಮುಂದ ಬಂದು, ಗುಡ್ಡದ ಕಡೆ ಮುಖ ಮಾಡಿ, ಯಾರ ಹೆಸರಲೆ ನಡದೇನಿ ಅನ್ನೂದನ್ನ ತಮ್ಮ ಬಾಯಿಲೆ ಹೇಳಬೇಕು. ಆಯಿ ಹಣಿಗೆ ಅರಿಷಿಣದ ಭಂಡಾರ ಹಚ್ಚಿ "ಉಧೋ" ಅಂತಾಳ, ಎಲ್ಲಾರೂ ಉಧೋ ಅಂತಾರ. ಹಂಗ ಹೆಸರು ಕೂಗದ ಮುಂದ ಒಂದ ಹೆಜ್ಜಿ ಇಡಾಕ ಆಕಿ ಬಿಡಂಗಿಲ್ಲ. ಬಸ್ಸಿನಾಗ ಹೋಗಿ ಬರತಿದ್ದ ನಮ್ಮನಿಯವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಗಂಗಕ್ಕಗೂ ಗೊತ್ತಿರಲಿಲ್ಲ.

ನನ್ನ ಪಾಳಿ ಬಂತು. ಕೈ ಮುಗದೆ. "ನನ್ನ ಮಗಳು ರೇಖಾನ ಹೆಸರಲೆ," ಅಂದೆ.

ಆಯಿ ಉಧೋ ಅನ್ನಲಿಲ್ಲ. ಭಂಡಾರದ ಮುಷ್ಟಿ ಬಿಗಿಹಿಡಕೊಂಡು ನಿಂತ್ಲು.

"ಹಚ್ಚಬೇ ಆಯಿ," ಅಂದೆ.

"ಗುಡ್ಡ ನೋಡಿ ಸುಳ್ಳ ಹೆಸರಿಗೆ ನಾ ಉಧೋ ಅನ್ನಂಗಿಲ್ಲ, ಮಗಳ," ಅಂದ್ಲು. ಆಮ್ಯಾಲ ನನ್ನ ಬಿಟ್ಟು ನಮ್ಮನಿಯವರ ಕಡೆ ನೋಡಿದ್ಲು. "ತಮ್ಮಾ, ನೀ ಹೇಳತಿಯೋ, ನಾ ಹೇಳಲ್ಯೋ?"

"ಆಯಿ, ಬ್ಯಾಡ. ಮಾತ ಕೊಟ್ಟೀದಿ," ಅಂದ್ರು ಅವರು. ಗಂಗಕ್ಕ ಅಲ್ಲೇ ದಾರಿಯಾಗ ಕುಂತು ಸೆರಗ ಬಾಯಿಗೆ ತುರುಕಿಕೊಂಡ್ಲು. ನಾ ಅವರ ಮುಖ ನೋಡಿದೆ, ಇವರ ಮುಖ ನೋಡಿದೆ. ಉಳದ ಎಂಟ ಮಂದಿ ನೆಲ ನೋಡಾಕತ್ತಿದ್ರು. ಎಂಟ ಮಂದಿಗೂ ಗೊತ್ತಿತ್ತು!

ಆಯಿನ ಹೇಳಿದ್ಲು. "ನಡದಿದ್ದು ನಿನ್ನ ಹೆಸರಲೆ. ಅದು ಕೊಬ್ಬಿನ ಗಂಟಲ್ಲ, ಕೆಟ್ಟ ಗಂಟು. ಕ್ಯಾನ್ಸರ್ ಅಂತಾರಲ್ಲ, ಅದು. ಲಗೂನ ಕೊಯಸ್ರಿ ಅಂದಿದ್ರಂತ ದವಾಖಾನ್ಯಾಗ. ಇವರು ಮೊದಲ ತಾಯಿ ಪಾದಕ್ಕ ಹಾಕಿ ಆಮ್ಯಾಲ ಅಂದ್ರು."

ಆ ಹೊತ್ತಿನಾಗ ನನಗ ಸಾಯೂ ಹೆದರಿಕಿ ಬರಲಿಲ್ಲ, ಸುಳ್ಳಲ್ಲ. ಮೊದಲ ನೆನಪಾಗಿದ್ದು ಆ ಮುಳ್ಳು. ನನ್ನ ಪಾದ ತೊಡಿ ಮ್ಯಾಲ ಇಟಗೊಂಡು ಮುಳ್ಳ ತಗದಿದ್ದು ಹೆಂಡತಿದಲ್ಲ, ಪೇಷಂಟಿಂದು. ಸಾಯಾಕ ಹೊಂಟಾಕಿಗೆ ಮಾಡೂ ಉಪಚಾರ ಅದು. ನಾ ಹುಚ್ಚಿ, ಹಿಗ್ಗಿಕೋತ ನಡದಿದ್ದೆ. ಆ ಒಂದ ದಿನದ ಸುಖಾನೂ ನನ್ನಿಂದ ಕಸಗೊಂಡ್ರಲ್ಲ! ನೀರಿನ ಬಾಟಲಿ ಅವರ ಕೈಯಿಂದ ಕಸಗೊಂಡು ಹೊಲದಾಗ ಒಗದೆ.

"ಎಷ್ಟ ದಿನ ಆತು?" ಅಂದೆ.

"ಹತ್ತೊಂಬತ್ತು."

"ನನಗ ಯಾಕ ಹೇಳಲಿಲ್ಲ?"

"ನೀ ಹೆದರತಿ ಅಂತ..."

"ಹೆದರಿದವರು ನೀವು! ನಿಮ್ಮ ಹೆದರಿಕಿನ ನನ್ನ ಹೆಸರಿಗೆ ಹಚ್ಚಬ್ಯಾಡ್ರಿ!"

ಅವರೂ ಒಂದ ಮಾತಂದ್ರು. "ನೀನೂ ಎರಡ ತಿಂಗಳು ಹೇಳಲಿಲ್ಲಲ್ಲ, ಸಾವಿತ್ರಿ." ಅದು ಖರೇ ಇತ್ತು, ಅದಕ್ಕ ಇನ್ನಷ್ಟು ಸಿಟ್ಟು ಬಂತು. ನಾ ಮುಚ್ಚಿಟ್ಟಿದ್ದು ನನ್ನ ಮೈಯಾಂದು. ಅವರು ಮುಚ್ಚಿಟ್ಟಿದ್ದೂ ನನ್ನ ಮೈಯಾಂದು. ಎರಡೂ ಒಂದ ಹೆಂಗ ಆಗತಾವು?

ರೇಖಾಗ ಫೋನ್ ಹಚ್ಚಿದೆ. "ಯವ್ವಾ" ಅಂದ್ಲು. "ನಿನ್ನ ಬಂಜಿತನಾ ತಗದು ನನ್ನ ಕಣ್ಣಿಗೆ ಪಟ್ಟಿ ಕಟ್ಟಿದಿ ಅಲ್ಲಲೇ," ಅಂದೆ. ಅಂಥಾ ಮಾತು ಮಗಳಿಗೆ ನಾ ಎಂದೂ ಅಂದಿರಲಿಲ್ಲ. ಆ ಕಡೆಯಿಂದ ಅಳೂ ಸಪ್ಪಳ ಬಂತು, ಈ ಸಲ ಖರೇ ಅಳು. ಫೋನ್ ಇಟ್ಟೆ. ಆ ಮಾತಿಗೆ ಇವತ್ತಿಗೂ ನಾ ಆಕಿ ಕಡೆ ಕ್ಷಮಾ ಕೇಳಿಲ್ಲ, ಆಕಿನೂ ನನ್ನ ಕೇಳಿಲ್ಲ. ಕೂಡಿ ಉಣತೇವಿ, ನಗತೇವಿ, ಆ ಮಾತು ಹಂಗ ಐತಿ.

ಫಕೀರವ್ವ ಆಯಿನ ಮ್ಯಾಲೂ ಸಿಟ್ಟು ಬಂದಿತ್ತು. "ನೀನೂ ಒಂದೂವರಿ ದಿನ ನನ್ನ ಜೋಡಿ ನಡದಿ. ಎಲಿ ಅಡಿಕಿ ಕೊಟ್ಟಿ. ನೀನೂ ಬಾಯಿ ಬಿಡಲಿಲ್ಲಲ್ಲ," ಅಂದೆ.

ಆಯಿ ಕಲ್ಲಿನ ಮ್ಯಾಲ ಕುಂತ್ಲು. ಕೊಳ್ಳಾಗಿನ ಮುತ್ತಿನ ಸರ ಬೊಟ್ಟಿಲೆ ಎತ್ತಿ ತೋರಿಸಿದ್ಲು. "ನನಗ ಆಗ ಎಂಟ ವರ್ಷ. ಹೊಸಾ ಸೀರಿ ಉಡಸ್ತೇವಿ, ಗುಡ್ಡಕ್ಕ ಹೋಗೂಣು, ಬತ್ತಾಸ ಕೊಡಸ್ತೇವಿ ಅಂದ್ರು. ಇದ ದಾರಿ. ಕುಣಕೋತ ಬಂದೇನಿ ನಾ. ಮುತ್ತು ಕಟ್ಟಿ ದೇವಿಗೆ ಬಿಟ್ರು. ಇನ್ನ ನನಗ ಲಗ್ನ ಇಲ್ಲ, ಗಂಡ ಇಲ್ಲ ಅಂತ ಯಾರೂ ಹೇಳಲಿಲ್ಲ. ಬತ್ತಾಸ ತಿನ್ನಕೋತ ಹೊಳ್ಳಿ ಹೋದೆ. ತಿಳಿಯಾಕ ನಾಕೈದ ವರ್ಷ ಹಿಡೀತು." ಸರ ಬಿಟ್ಟು ಗುಡ್ಡದ ಕಡೆ ಹೊಳ್ಳಿದ್ಲು. "ನಿನ್ನ ಗಂಡ ಬಂದು ಹೇಳಬ್ಯಾಡ ಅಂದಾಗ ಹೂಂ ಅಂದೆ. ಸಂಕಟದಾಗ ಇದ್ದಾನ ಪಾಪ ಅಂದೆ. ಆದ್ರ ಇಲ್ಲಿ ಬಂದಮ್ಯಾಲ ನೀ ಮಗಳ ಹೆಸರು ಕೂಗಿದಾಗ ನನಗ ತಡಿಯಾಕ ಆಗಲಿಲ್ಲ. ಮೊದಲ ಹೇಳಬೇಕಿತ್ತು. ತಪ್ಪಾತು."

ಇಡೀ ವರ್ಷದಾಗ "ತಪ್ಪಾತು" ಅಂದಾಕಿ ಆಕಿ ಒಬ್ಬಾಕಿನ.

"ಈಗ ಏನ ಮಾಡ್ಲಿ ಆಯಿ?" ಅಂದೆ. "ಗುಡ್ಡ ಎಲ್ಲೂ ಹೋಗಂಗಿಲ್ಲ, ದವಾಖಾನಿಗೆ ನಡಿ," ಅಂದ್ಲು ಆಯಿ, ದೇವಿ ಬುಟ್ಟಿ ಹೊರಾಕಿ! ಆದ್ರ ನಾ ಹಟಮಾರಿ. ಇಷ್ಟ ದೂರ ನನ್ನ ಕಾಲು ಬೊಕ್ಕಿ ಎಬ್ಬಿಸಿಕೊಂಡು ಬಂದೇನಿ. ಗುಡ್ಡದ ಕಡೆ ತಿರುಗಿ, "ಬೈಲಹೊಂಗಲದ ಸಾವಿತ್ರಿ ಹೆಸರಲೆ," ಅಂತ ಗಂಟಲ ಹರಿಯೂಹಂಗ ಕೂಗಿದೆ. ಆಯಿ ಭಂಡಾರ ಹಚ್ಚಿ ಉಧೋ ಅಂದ್ಲು. ಉಳದವರು ಅಳಕೋತ ಉಧೋ ಅಂದ್ರು. ಗುಡ್ಡ ಹತ್ತಿ ಕೈಮುಗದು ಇಳದು, ಸವದತ್ತಿ ಸ್ಟ್ಯಾಂಡಿನಾಗ ಧಾರವಾಡದ ಬಸ್ ಹತ್ತಿದೆ. ನಮ್ಮನಿಯವರು ಹಿಂದಿನ ಸೀಟಿನಾಗ ಕುಂತ್ರು. ನನ್ನ ಬಾಜೂಕ ಕುಂಡ್ರಾಕ ಬಂದಾಗ ಅಲ್ಲಿ ಚೀಲ ಇಟ್ಟಿದ್ದೆ.

ಡಾಕ್ಟರ ಮುಂದ ಕಾಲಿನ ಧೂಳು, ಹಣಿಯಾಗಿನ ಭಂಡಾರದ ಸಮೇತ ನಿಂತೆ. "ನನ್ನ ರೋಗ ನನಗ ಯಾಕ ಹೇಳಲಿಲ್ರಿ?" ಅಂದೆ. "ಮನಿ ಮಂದಿ ಬ್ಯಾಡ ಅಂದ್ರಮ್ಮ," ಅಂದ್ರು. "ಕೊಯ್ಯೂದು ಮನಿ ಮಂದಿ ಮೈ ಏನ್ರಿ?" ಡಾಕ್ಟರು ಕನ್ನಡಕ ತಗದು ಒರಿಸಿಕೊಂಡ್ರು. ಕುರ್ಚಿ ಎಳದು ಕುಂಡ್ರಸಿ ಎಲ್ಲಾ ಬಿಡಿಸಿ ಹೇಳಿದ್ರು. ತಡ ಆಗಿದ್ದರಿಂದ ಏನಾರ ಹೆಚ್ಚಾಗೇತೇನ್ರಿ ಅಂತ ಕೇಳಿದೆ. "ಅದನ್ನ ಯಾರೂ ಖಚಿತ ಹೇಳಾಕ ಬರಂಗಿಲ್ಲ," ಅಂದ್ರು. ಆ ಒಂದ ಮಾತು ನನ್ನ ಜೋಡಿನ ಮನಿಗೆ ಬಂತು, ಇನ್ನೂ ನನ್ನ ಜೋಡಿನ ಐತಿ.

ಎಡದ ಎದಿ ತಗದ್ರು. ಆಮ್ಯಾಲ ಆರ ಸಲ ಸಲಾಯಿನ್ ಜೋಡಿ ಔಷಧ ಏರಿಸಿದ್ರು. ರೊಟ್ಟಿ ಬಾಯಾಗ ಇಟ್ರ ಕಬ್ಬಿಣ ನೆಕ್ಕಿದಂಗ ಆಗತಿತ್ತು. ಕೂದಲ ದಿಂಬಿಗೆ ಹತ್ತಾಕತ್ತಿತು. ಒಬ್ಬ ನರ್ಸಬಾಯಿ ಮುಂಜಾನೆ ನಾ ಏಳೂಕಿಂತ ಮೊದಲ ದಿಂಬಿನ ಚೀಲ ಬದಲಿ ಮಾಡಿ ಹೋಗತಿದ್ಲು, ನಾ ಎಷ್ಟ ಕೂದಲ ಹೋದುವು ಅಂತ ನೋಡಬಾರದಂತ. ಅದೂ ಮುಚ್ಚಿಡೂದ ಅಲ್ಲೇನು ಅಂತ ನೀವು ಕೇಳಬಹುದು. ಅದಕ್ಕ ನನಗ ಸಿಟ್ಟು ಬರಲಿಲ್ಲ. ಯಾಕಂತ ಇನ್ನೂ ತಿಳಿದಿಲ್ಲ.

ಬಾಜೂ ಪಲ್ಲಂಗದಾಗ ರಾಮದುರ್ಗದ ಒಬ್ಬಾಕಿ ಮುದುಕಿ ಇದ್ಲು. ಆಕಿ ಮಗ ಬಂದವನ ನರ್ಸಗೋಳಿಗೆ, "ನಮ್ಮವ್ವಗ ಹೊಟ್ಟಿ ಹುಣ್ಣು ಅಂತ ಹೇಳೀವ್ರಿ, ಬಾಯಿ ಬಿಡಬ್ಯಾಡ್ರಿ," ಅಂತಿದ್ದ. ಅವ ಹೋದಮ್ಯಾಲ ಮುದುಕಿ ನನ್ನ ಕಡೆ ಹೊಳ್ಳಿ, "ನನಗ ಎಲ್ಲಾ ಗೊತ್ತೈತಿ ಯವ್ವಾ. ಗೊತ್ತೈತಿ ಅಂದ್ರ ಅವ ಅಳತಾನ, ಅದಕ್ಕ ಸುಮ್ಮನ ಅದೇನಿ," ಅಂದು ಬೊಚ್ಚಬಾಯಿಲೆ ನಕ್ಕಳು. ಆಕಿ ದೊಡ್ಡಾಕಿ. ನಾ ಅಷ್ಟ ದೊಡ್ಡಾಕಿ ಅಲ್ಲ. ನನಗ ಆ ನಗು ಬರಂಗಿಲ್ಲ.

ಈಗ ಮತ್ತ ಮಶೀನಿಗೆ ಕುಂತೇನಿ. ನನ್ನ ಜಂಪರದ ಎಡಗಡೆ ಅರಿವಿ ಮಡಚಿ ಒಳಗ ಜೇಬು ಮಾಡಿ ಹತ್ತಿ ತುಂಬಿಕೊಂಡೇನಿ. ಗಿರಣಿಯಿಂದ ನಮ್ಮನಿಯವರು ತಂದ ಹತ್ತಿ. ಬಾಯಿ ಬಿಟ್ಟು ಕೇಳಿರಲಿಲ್ಲ ನಾ, ಅವರ ತಂದು ಮಶೀನ್ ಮ್ಯಾಲ ಇಟ್ಟು ಹೋಗಿದ್ರು. ಇಂಥಾ ಆಪರೇಶನ್ ಆದ ಹೆಣ್ಣಮಕ್ಕಳು ಯಾರರ ಬಂದ್ರ ಹೊಲದು ಕೊಡತೇನಿ. ಅವರಿಗೆ ನಾ ಒಂದ ಮಾತು ಹೇಳತೇನಿ, ನಿಮಗೂ ಅದ. ಅಕ್ಕದೇರ, ನಿಮ್ಮ ಹೆಸರು ಕೂಗಿದ್ರ ನೀವ ಏಳ್ರಿ. ಕುಂಡ್ರಿ ಅಂದ್ರ ಕುಂಡ್ರಬ್ಯಾಡ್ರಿ.

ಹೋದ ತಿಂಗಳ ತಪಾಸಣಿಗೆ ಧಾರವಾಡಕ್ಕ ಹೋಗಿದ್ವಿ. ಈಗ ಒಳಗ ನಾ ಒಬ್ಬಾಕಿನ ಹೋಗತೇನಿ. ಡಾಕ್ಟರು ರಿಪೋರ್ಟ್ ನೋಡಿ, "ಸಾವಿತ್ರಿಯವರ, ಏನೂ ಇಲ್ಲ. ಆರಾಮ ಹೋಗ್ರಿ," ಅಂದ್ರು. ಹೊರಗ ಬಂದೆ. ನಮ್ಮನಿಯವರು ನಾ ಅವತ್ತ ಶೇಂಗಾ ತಿಂದ ಬಾಕಿನ ಮ್ಯಾಲ ಕುಂತಿದ್ರು. ಎದ್ದು ನಿಂತ್ರು. "ಏನಂದ್ರು?"

"ಬಸ್ ತಪ್ಪತೈತಿ, ನಡ್ರಿ," ಅಂದೆ.

ನಾ ಬೇಕಂತನ ಅಂದೆ. ನಾನೂ ಹತ್ತೊಂಬತ್ತು ದಿನ ಮುಚ್ಚಿ ಇಟಗೋಬೇಕು ಅಂತ ಮನಸಿನಾಗ ಲೆಕ್ಕ ಹಾಕಿದ್ದೆ. ಬಸ್ಸಿನಾಗ ನನ್ನ ತೊಡಿ ಮ್ಯಾಲಿನ ಫೈಲ್ ನೋಡಿಕೋತ ಅವರು ಕುಂತ್ರು. ಅದು ಇಂಗ್ಲೀಷ್‌ನಾಗಿತ್ತು, ಅವರೂ ನನ್ನಷ್ಟ ಕಲತವರು. ಊರುಗಳು ಹಿಂದ ಹೋದುವು. ಮುಂದಿನ ಸೀಟಿನ ಕಬ್ಬಿಣ ಹಿಡಕೊಂಡ ಅವರ ಕೈ ಬೆಳ್ಳಗ ಆಗಿತ್ತು. ನನಗ ಪಾಪ ಅನಸಲಿಲ್ಲ, ಖರೇ ಹೇಳತೇನಿ. ಮುಚ್ಚಿಟ್ಟುಕೊಂಡು ಕುಂಡ್ರೂದು ಇಷ್ಟ ಸಲೀಸು ಐತಲ್ಲ ಅನಿಸಿ ಮತ್ತಷ್ಟು ಸಿಟ್ಟು ಬಂತು.

ದೊಡವಾಡದಾಗ ಬಸ್ ನಿಂತಿತು. ಮಂದಿ ಇಳಿದ್ರು. ಆಗ ಅವರು ನನ್ನ ಮುಖ ನೋಡದ, ಭಾಳ ಸಣ್ಣ ಧ್ವನಿಲೆ ಅಂದ್ರು. "ಸಾವಿತ್ರಿ, ಕೆಟ್ಟದ್ದ ಇದ್ರೂ ಹೇಳು. ಹಿಂಗ ಇಡಬ್ಯಾಡ ನನ್ನ."

ಇದ ಮಾತು ನಾ ಅವತ್ತ ಆ ಬಾಕಿನ ಮ್ಯಾಲ ಕುಂತು ಹೇಳತಿದ್ದೆ, ಯಾರರ ಕೇಳಿದ್ರ.

"ಏನೂ ಇಲ್ಲಂತ," ಅಂದೆ.

ಅವರು ಟವೆಲ್ ಮುಖಕ್ಕ ಒತ್ತಿಕೊಂಡು ಅತ್ರು. ಕಂಡಕ್ಟರ್ ಹೊಳ್ಳಿ ನೋಡಿದ. ಆಮ್ಯಾಲ ನನ್ನ ಕೈ ಹಿಡಕೊಂಡ್ರು. ಬೈಲಹೊಂಗಲ ಬರೂತನಕ ನಾ ಬಿಡಿಸಿಕೊಳ್ಳಲಿಲ್ಲ. ತಿರುಗಿ ಹಿಡಕೊಳ್ಳಲೂ ಇಲ್ಲ.